ನಿಮ್ಮ ಆಧಾರ್ ನಮ್ಮನೆ ಅಟ್ಟದ ಮೇಲಿದೆ

ಮಳೆ ಹಿಡಿಯೋ ಮುಂಚೆ ಹೆಂಚು ಕೈಯಾಡಿಸಬೇಕು ಅಂತ ಮೇ ತಿಂಗಳಲ್ಲಿ ಅಟ್ಟ ಹತ್ತಿದ್ದೆ. ಹಳೇ ಮೆಣಸಿನ ಚೀಲ, ಮುರಿದ ಪಲ್ಪರ್‌ನ ಚಕ್ರ, ಅಜ್ಜನ ಕಾಲದ ಕಂಬಳಿ ಇವುಗಳ ಹಿಂದೆ ಆರು ಬಾಕ್ಸ್ ಫೈಲ್ ಸಿಕ್ಕವು. ತೆಗೆದು ನೋಡಿದರೆ ಬರೀ ಆಧಾರ್ ಕಾರ್ಡಿನ ಜೆರಾಕ್ಸು. ವೈಟ್‌ಫೀಲ್ಡಿನವರು, ಜಯನಗರದವರು, ಹುಬ್ಬಳ್ಳಿಯವರು, ಹೈದರಾಬಾದಿನವರು, ಹನಿಮೂನಿಗೆ ಬಂದವರು, ಆಫೀಸಿನ ಟೀಮ್ ಔಟಿಂಗ್ ಅಂತ ಬಂದ ಹದಿನಾಲ್ಕು ಜನ ಒಟ್ಟಿಗೆ. ಮೂಡಿಗೆರೆ ಹತ್ತಿರ ನಮ್ಮ ಹೋಂ ಸ್ಟೇ ಶುರುವಾಗಿದ್ದು 2014ರಲ್ಲಿ. ಅವತ್ತಿನಿಂದ ಬಂದವರೆಲ್ಲ ಅಲ್ಲಿದ್ದರು. ಎಣಿಸೋಣ ಅಂತ ಕೂತೆ, ಎರಡು ಸಾವಿರದ ಮುನ್ನೂರು ದಾಟಿದ ಮೇಲೆ ಬಿಟ್ಟುಬಿಟ್ಟೆ. ಕೆಲವನ್ನು ಗೆದ್ದಲು ತಿಂದಿತ್ತು. ಕೆಲವುಗಳ ಹಿಂಬದಿಯಲ್ಲಿ ಅಮ್ಮ ಹಾಲಿನ ಲೆಕ್ಕ ಬರೆದಿದ್ದಳು.

ಅಪ್ಪನನ್ನು ಕೇಳಿದೆ, ಇದನ್ನೆಲ್ಲ ಯಾಕೆ ಇಟ್ಟಿದ್ದೀರಿ ಅಂತ. "ಪೊಲೀಸ್ನೋರು ಕೇಳ್ತಾರೆ ಮಾರಾಯ" ಅಂದರು. ಇಷ್ಟು ವರ್ಷದಲ್ಲಿ ಎಷ್ಟು ಸಲ ಕೇಳಿದ್ದಾರೆ? ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಒಂದ್ಸಲ ರಿಜಿಸ್ಟರ್ ಕೇಳಿದ್ರು, ಜೆರಾಕ್ಸ್ ಯಾರೂ ಕೇಳಿಲ್ಲ" ಅಂದರು.

ಇಷ್ಟು ಓದಿ ನೀವು ಗಾಬರಿಯಾಗಿದ್ದರೆ ಒಳ್ಳೆಯದೇ. ಆದರೆ ನಮ್ಮ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವ ಮುಂಚೆ ಒಂದು ವಿಷಯ ನೆನಪು ಮಾಡಿಕೊಳ್ಳಿ: ಆ ಎರಡು ಸಾವಿರದ ಮುನ್ನೂರು ಜನರಲ್ಲಿ "ಯಾಕೆ ಬೇಕು?" ಅಂತ ಕೇಳಿದವರು ಅಪ್ಪನಿಗೆ ನೆನಪಿರುವ ಮಟ್ಟಿಗೆ ಇಬ್ಬರು. ಒಬ್ಬರು ವಕೀಲರು. ಇನ್ನೊಬ್ಬರು ಒಬ್ಬ ಅಜ್ಜಿ, ಕನ್ನಡಕ ಮರೆತು ಬಂದಿದ್ದರು, ಏನು ಕೊಡ್ತಿದ್ದೀನಿ ಅಂತ ಗೊತ್ತಾಗದೆ ಕೇಳಿದ್ದು.

ಬೇರೆಯವರೆಲ್ಲ ಸಾಫ್ಟ್‌ವೇರ್ ಮಾಡುವವರು, ಬ್ಯಾಂಕಲ್ಲಿ ಇರುವವರು, ಆಫೀಸಿನ ಲ್ಯಾಪ್‌ಟಾಪ್‌ಗೆ ಹದಿನಾರು ಅಕ್ಷರದ ಪಾಸ್‌ವರ್ಡ್ ಇಟ್ಟು ತೊಂಬತ್ತು ದಿನಕ್ಕೊಮ್ಮೆ ಬದಲಾಯಿಸುವವರು. ಸಾವಿರದೈನೂರು ರೂಪಾಯಿ ರೂಮಿಗೆ ಮನೆಮಂದಿಯದ್ದೆಲ್ಲ ಆಧಾರ್ ವಾಟ್ಸಾಪ್ ಮಾಡಿ, ಜತೆಗೆ ಒಂದು ನಮಸ್ಕಾರದ ಎಮೋಜಿ ಕಳಿಸುತ್ತಾರೆ. ಬರೆಯುತ್ತಿರುವ ನಾನೂ ಇದೇ ಜಾತಿ. ಏಳು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ ಊರಿಗೆ ಬಂದವನು. ಗೋಕರ್ಣದಲ್ಲಿ, ಹಂಪಿಯಲ್ಲಿ, ಮಡಿಕೇರಿಯಲ್ಲಿ ನನ್ನ ಆಧಾರ್ ಎಷ್ಟು ಅಟ್ಟಗಳ ಮೇಲಿದೆಯೋ ದೇವರೇ ಬಲ್ಲ.

ಮೋಸ ಅಂದಕೂಡಲೇ ನಮಗೆ ನೆನಪಾಗುವುದು ಫೋನಿನಲ್ಲಿ ಒಟಿಪಿ ಕೇಳುವ ಒಬ್ಬ ಅಪರಿಚಿತ. ಅವನಿಗೆ ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ, ಜಾಗ್ರತೆಯಿಂದಿರಿ. ಕೆಲವು ತಿಂಗಳು ಯಾರಿಗೆ ಫೋನ್ ಮಾಡಿದರೂ ಮೊದಲು ಇದೇ ಉಪದೇಶ ಕಾಲರ್ ಟ್ಯೂನ್ ಆಗಿ ಕೇಳಿಸುತ್ತಿತ್ತು. ತೋಟದಲ್ಲಿ ಹಾವು ಕಚ್ಚಿದವನ ಮನೆಯವರು ಜೀಪಿಗೆ ಫೋನ್ ಮಾಡಿದರೂ ಮೊದಲು ಆ ಉಪದೇಶ ಮುಗಿಯಬೇಕಿತ್ತು. ಇರಲಿ. ನನ್ನ ತಕರಾರು ಬೇರೆ. ಒಟಿಪಿಯನ್ನೇ ಕೇಳದೆ, ಲಿಂಕನ್ನೇ ಕಳಿಸದೆ, ಫೋನನ್ನೇ ಮಾಡದೆ ದುಡ್ಡು ಎತ್ತಿಕೊಂಡು ಹೋದರೆ ನಾನು ಯಾವ ಜಾಗ್ರತೆ ವಹಿಸಬೇಕಿತ್ತು?

ನಮ್ಮ ದೊಡ್ಡಪ್ಪನಿಗೆ ಆಗಿದ್ದು ಇದೇ. ಅವರ ತೋಟ ಇರುವುದು ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಒಳಗೆ. ಎಪ್ಪತ್ತಾರು ವರ್ಷ. ಕೈಯಲ್ಲಿರುವುದು ಬಟನ್ ಫೋನು. ಇಂಟರ್ನೆಟ್ ಬ್ಯಾಂಕಿಂಗ್ ಇಲ್ಲ, ಯುಪಿಐ ಇಲ್ಲ, ಎಟಿಎಂ ಕಾರ್ಡು ಬೀರುವಿನಲ್ಲಿ ದೇವರ ಪ್ರಸಾದದ ಜತೆ ಮಡಚಿಟ್ಟಿದ್ದಾರೆ. ಆನ್‌ಲೈನ್ ಮೋಸದಿಂದ ಇವರಷ್ಟು ಸುರಕ್ಷಿತರು ಯಾರೂ ಇಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆಟಿ ಮಳೆಯ ಮೂರು ದಿನ ಕರೆಂಟೂ ಇಲ್ಲ, ಟವರೂ ಇಲ್ಲ. ನಾಲ್ಕನೇ ದಿನ ಸಿಗ್ನಲ್ ಬಂದಾಗ ಮೂರು ಮೆಸೇಜು ಒಟ್ಟಿಗೆ ಬಂದವು. ದಿನಕ್ಕೆ ಹತ್ತತ್ತು ಸಾವಿರದಂತೆ ಮೂವತ್ತು ಸಾವಿರ ಖಾತೆಯಿಂದ ಹೋಗಿತ್ತು. ಮೆಸೇಜು ಇಂಗ್ಲಿಷಿನಲ್ಲಿ. ದೊಡ್ಡಪ್ಪ ಅದನ್ನು ಕಂಪನಿ ಮೆಸೇಜು ಅಂತ ಬಿಟ್ಟರು. ಗೊತ್ತಾಗಿದ್ದು ಮುಂದಿನ ವಾರ, ಕೆಲಸದವರ ಬಟವಾಡೆಗೆ ದುಡ್ಡು ತೆಗೆಯಲು ಹೋದಾಗ.

ಹೇಗೆ ಹೋಯಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಕೇಳಿದ ನನ್ನ ಬೆಂಗಳೂರು ಸ್ನೇಹಿತರಲ್ಲಿ ಅರ್ಧ ಜನಕ್ಕೆ ಇಂಥದ್ದೊಂದು ಬಾಗಿಲು ತಮ್ಮ ಖಾತೆಗೂ ಇದೆ ಅಂತಲೇ ಗೊತ್ತಿರಲಿಲ್ಲ. ಅದರ ಹೆಸರು ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಎಇಪಿಎಸ್. ನಡೆಸುವುದು ಯುಪಿಐ ನಡೆಸುವ ಅದೇ ಎನ್‌ಪಿಸಿಐ. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯಲ್ಲಿ ಒಬ್ಬ ಏಜೆಂಟ್ ಸಣ್ಣ ಯಂತ್ರ ಇಟ್ಟುಕೊಂಡಿರುತ್ತಾನೆ. ಆಧಾರ್ ನಂಬರ್ ಹೇಳಿ, ಬ್ಯಾಂಕಿನ ಹೆಸರು ಹೇಳಿ, ಹೆಬ್ಬೆಟ್ಟು ಒತ್ತಿದರೆ ದುಡ್ಡು ಕೊಡುತ್ತಾನೆ. ಪಿನ್ ಬೇಡ, ಒಟಿಪಿ ಬೇಡ, ಕಾರ್ಡು ಬೇಡ. ಒಂದು ಸಲಕ್ಕೆ ಹತ್ತು ಸಾವಿರದವರೆಗೆ. ಪಿಂಚಣಿಗೆ ಇಪ್ಪತ್ತು ಕಿಲೋಮೀಟರ್ ನಡೆಯಬೇಕಿದ್ದ ಮುದುಕರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಖಾತೆಗೆ ಆಧಾರ್ ಜೋಡಿಸಿದ ಬಹುಪಾಲು ಎಲ್ಲರಿಗೂ ಈ ಬಾಗಿಲು ತೆರೆದೇ ಇರುತ್ತದೆ. ನಿಮಗೆ ಬೇಕಾ ಅಂತ ಯಾರೂ ಕೇಳಿರುವುದಿಲ್ಲ.

ಅಂದರೆ ಕಳ್ಳನಿಗೆ ಬೇಕಾದ್ದು ಮೂರೇ. ಆಧಾರ್ ನಂಬರು, ಅದು ನಮ್ಮ ಅಟ್ಟದ ಮೇಲಿದೆ. ಬ್ಯಾಂಕಿನ ಹೆಸರು, ನಾಲ್ಕು ಬ್ಯಾಂಕ್ ಒತ್ತಿ ನೋಡಿದರೆ ಒಂದು ಸಿಗುತ್ತದೆ. ಹೆಬ್ಬೆಟ್ಟಿನ ಗುರುತು. ಅದೆಲ್ಲಿ ಸಿಗುತ್ತದೆ?

2023ರಲ್ಲಿ ಕರ್ನಾಟಕದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದಲೇ ಒಬ್ಬರ ಹಿಂದೆ ಒಬ್ಬರದ್ದು ದುಡ್ಡು ಹೋಗತೊಡಗಿತು. ಬೆಂಗಳೂರಲ್ಲಿ, ಮಂಗಳೂರಲ್ಲಿ ದೂರಿನ ಮೇಲೆ ದೂರು. ಮಂಗಳೂರು ಪೊಲೀಸರು ಬಿಹಾರಕ್ಕೆ ಹೋಗಿ ಮೂವರನ್ನು ಹಿಡಿದು ತಂದರು. ಅವರು ಮಾಡಿದ್ದು ಇಷ್ಟೇ: ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ಜಾಲತಾಣದಿಂದ ಕ್ರಯಪತ್ರಗಳನ್ನು ಇಳಿಸಿಕೊಂಡಿದ್ದರು. ಕ್ರಯಪತ್ರದಲ್ಲಿ ಹೆಸರಿದೆ, ಆಧಾರ್ ನಂಬರಿದೆ, ಪಕ್ಕದಲ್ಲೇ ಸ್ಪಷ್ಟವಾಗಿ ಹೆಬ್ಬೆಟ್ಟಿನ ಗುರುತಿದೆ. ಅದರಿಂದ ಒಂದು ನಕಲಿ ಬೆರಳಚ್ಚು ಮಾಡಿಕೊಂಡರೆ ಮುಗಿಯಿತು. ಆಮೇಲೆ ಸರ್ಕಾರ ಆ ಪತ್ರಗಳಲ್ಲಿ ಹೆಬ್ಬೆಟ್ಟು, ಆಧಾರ್ ಕಾಣದ ಹಾಗೆ ಮರೆಮಾಡಿತು. ಆಮೇಲೆ.

ಈ 'ಆಮೇಲೆ' ಇದೆಯಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ. ಯಾಕೆಂದರೆ ಇದು ಯಾರಿಗೂ ಹೊಳೆಯದಿದ್ದ ಹೊಸ ಉಪಾಯ ಅಲ್ಲ. ಪಕ್ಕದ ತೆಲಂಗಾಣದಲ್ಲಿ 2018ರಲ್ಲೇ ಒಬ್ಬ ಇದನ್ನೇ ಮಾಡಿ ಸಿಕ್ಕಿಬಿದ್ದಿದ್ದ. ಅಲ್ಲಿನ ನೋಂದಣಿ ಇಲಾಖೆಯ ತಾಣದಿಂದ ಭೂಮಿ ಪತ್ರ ಇಳಿಸಿಕೊಂಡು, ಹೆಬ್ಬೆಟ್ಟಿನ ಅಚ್ಚು ಮಾಡಿ, ಸಾವಿರಾರು ಸಿಮ್ ಕಾರ್ಡ್ ಚಾಲೂ ಮಾಡಿಸಿದ್ದ. ಪತ್ರಿಕೆಗಳಲ್ಲಿ ಬಂದಿತ್ತು. ಐದು ವರ್ಷ ಸಮಯ ಇತ್ತು. ಪಕ್ಕದ ಮನೆಗೆ ಕಳ್ಳ ಬಂದ ದಾರಿ ಗೊತ್ತಿದ್ದೂ ನಮ್ಮನೆ ಹಿತ್ತಿಲ ಬಾಗಿಲು ತೆಗೆದಿಟ್ಟು ಮಲಗಿದವರನ್ನು ಏನಂತ ಕರೆಯಬೇಕು? ಆದರೆ ಜಾಗ್ರತೆಯ ಪಾಠ ಯಾರಿಗೆ? ದೊಡ್ಡಪ್ಪನಿಗೆ.

ದೊಡ್ಡಪ್ಪನ ಹೆಬ್ಬೆಟ್ಟು ಎಲ್ಲಿಂದ ಹೋಯಿತು ಅಂತ ನಮಗೆ ಗೊತ್ತಾಗಲೇ ಇಲ್ಲ. ಅವರು ಹೆಬ್ಬೆಟ್ಟು ಒತ್ತಿದ ಜಾಗಗಳ ಪಟ್ಟಿ ಮಾಡಲು ಒಂದು ಸಂಜೆ ಕೂತೆವು. ಪಡಿತರ, ಸಿಮ್ಮು, ಸೊಸೈಟಿ ಸಾಲ, ತಮ್ಮನ ಜತೆ ಪಾಲು ಪತ್ರ, ಗ್ಯಾಸು... ಹತ್ತಕ್ಕೆ ದೊಡ್ಡಮ್ಮ ಒಳಗಿಂದ ಕೂಗಿದರು: "ಅವ್ರು ಎಲ್ ಒತ್ತಿಲ್ಲ ಅಂತ ಬರ್ಕಳಿ, ಬೇಗ ಆಗ್ತದೆ."

ಇದರಲ್ಲಿ ಒಂದು ವಿಚಿತ್ರ ಇದೆ. ಕಾಫಿ ಕುಯ್ಯುವ, ಕಳೆ ತೆಗೆಯುವ, ಸುಣ್ಣ-ಮೈಲುತುತ್ತ ಕಲಸುವ ಕೈಗಳಲ್ಲಿ ಬೆರಳ ಗೆರೆ ಸವೆದು ಹೋಗಿರುತ್ತದೆ. ನ್ಯಾಯಬೆಲೆ ಅಂಗಡಿ ಮುಂದೆ ನಿಂತು ನೋಡಿ. ಎಡಗೈ, ಬಲಗೈ, ಸೀರೆ ಸೆರಗಿಗೆ ಒರೆಸಿ ಇನ್ನೊಂದ್ಸಲ, ಉಗುಳು ಹಚ್ಚಿ ಮತ್ತೊಂದ್ಸಲ. ಯಂತ್ರ ಒಪ್ಪಲ್ಲ. ನಾಳೆ ಬಾ ಅಂತಾರೆ. ತನ್ನ ಕೈಗೇ ಅಂಟಿಕೊಂಡಿರುವ ಅಸಲಿ ಹೆಬ್ಬೆಟ್ಟಿಗೆ ಹತ್ತು ಕೆಜಿ ಅಕ್ಕಿ ಸಿಗದ ದೇಶದಲ್ಲಿ, ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಯಾರೋ ಮಾಡಿದ ನಕಲಿ ಹೆಬ್ಬೆಟ್ಟಿಗೆ ಹತ್ತು ಸಾವಿರ ರೂಪಾಯಿ ಸಿಗುತ್ತದೆ. ಬೆರಳು ಜೀವಂತ ಬೆರಳೋ ಅಚ್ಚೋ ಎಂದು ನೋಡುವ ಹೊಸ ತಂತ್ರ ತಂದಿದ್ದೇವೆ ಅಂತ ಆಧಾರ್ ಪ್ರಾಧಿಕಾರ 2023ರ ಫೆಬ್ರುವರಿಯಲ್ಲಿ ಹೇಳಿತ್ತು. ಕಾವೇರಿ ಪ್ರಕರಣದ ಗಲಾಟೆ ಅದೇ ವರ್ಷದ ಕೊನೆಯ ತಿಂಗಳುಗಳದ್ದು. ಆ ಯಂತ್ರ ಇಟ್ಟುಕೊಳ್ಳುವ ಏಜೆಂಟ್ ಯಾರು, ಅವನ ಹಿನ್ನೆಲೆ ಏನು ಅಂತ ಬ್ಯಾಂಕುಗಳು ಸರಿಯಾಗಿ ತಪಾಸಣೆ ಮಾಡಬೇಕು ಎನ್ನುವ ಆದೇಶವನ್ನು ರಿಸರ್ವ್ ಬ್ಯಾಂಕ್ ಹೊರಡಿಸಿದ್ದು 2025ರ ಜೂನ್‌ನಲ್ಲಿ, ಜಾರಿ ದಿನಾಂಕ 2026ರ ಜನವರಿ 1.

ಬ್ಯಾಂಕಿಗೆ ಹೋದೆವು. ಹೆಸರು ಬೇಡ, ಬೇರೆ ಬ್ಯಾಂಕಾಗಿದ್ದರೂ ಕತೆ ಇದೇ ಆಗುತ್ತಿತ್ತು. ಮ್ಯಾನೇಜರ್ ಒಳ್ಳೆ ಹುಡುಗ, ನನ್ನ ವಯಸ್ಸಿನವನೇ. "ಸಾರ್, ಬಯೋಮೆಟ್ರಿಕ್ ಆಗಿದೆ, ಅಂದ್ರೆ ಅವರೇ ತೆಗೆದಿರ್ಬೇಕಲ್ವಾ?" ಅಂದ. ದೊಡ್ಡಪ್ಪ ತಮ್ಮ ಹೆಬ್ಬೆರಳು ಮುಂದೆ ಚಾಚಿ, "ಇದು ಇಲ್ಲೇ ಉಂಟಲ್ಲ ಮಾರಾಯ, ಬಿಹಾರಕ್ಕೆ ಹೋಗಿಲ್ಲ" ಅಂದರು. ಆಮೇಲೆ ಅವನ ಎರಡನೇ ಮಾತು: ಮೂರು ದಿನದೊಳಗೆ ದೂರು ಕೊಡಬೇಕಿತ್ತು, ತಡವಾಯಿತು.

ಇಲ್ಲಿ ನಾನು ಬೆಂಗಳೂರಲ್ಲಿ ಕಲಿತ ಒಂದೇ ಒಂದು ಉಪಯುಕ್ತ ವಿದ್ಯೆ ಕೆಲಸಕ್ಕೆ ಬಂತು: ಮೂಲ ಕಾಗದ ಓದುವುದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದೆ. ನೀವೂ ಒಮ್ಮೆ ಓದಿಟ್ಟುಕೊಳ್ಳಿ, ಹೆಚ್ಚು ಪುಟ ಇಲ್ಲ. ಬ್ಯಾಂಕಿನ ಕಡೆಯ ಲೋಪ ಇದ್ದರೆ ಗ್ರಾಹಕನ ಹೊಣೆ ಸೊನ್ನೆ, ಅವನು ದೂರು ಕೊಟ್ಟರೂ ಕೊಡದಿದ್ದರೂ. ಲೋಪ ಬ್ಯಾಂಕಿನದ್ದೂ ಅಲ್ಲ, ಗ್ರಾಹಕನದ್ದೂ ಅಲ್ಲ, ಮಧ್ಯೆ ಎಲ್ಲೋ ಆಗಿದೆ ಅಂದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಆಗಲೂ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ ಹತ್ತು ಸಾವಿರದ ಹೊಣೆ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ತಪ್ಪು ಗ್ರಾಹಕನದ್ದು ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲೆ. ನಾವು ನಿರಪರಾಧಿ ಅಂತ ನಾವು ತೋರಿಸಬೇಕಿಲ್ಲ. ದಿನಗಳ ಲೆಕ್ಕ ಶುರುವಾಗುವುದು ಬ್ಯಾಂಕಿನ ಸಂದೇಶ ಗ್ರಾಹಕನಿಗೆ ತಲುಪಿದ ಮೇಲೆ. 'ತಲುಪಿದ' ಎನ್ನುವ ಪದದ ಬೆಲೆ ಮಳೆಗಾಲದ ಕಳಸದಲ್ಲಿ ಇದ್ದವರಿಗೆ ಗೊತ್ತು.

ಆ ಮ್ಯಾನೇಜರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬಲ್ಲ. ಗೊತ್ತಿದ್ದೂ ಹೇಳಬಾರದು ಅಂತ ಅವನಿಗೆ ಯಾರೂ ಹೇಳಿರಲೂ ಇಕ್ಕಿಲ್ಲ. ಆದರೆ ಬಂದವನು ಮುದುಕ, ಕನ್ನಡ ಮಾತ್ರ ಬರುತ್ತೆ, ಕೆಸರಿನ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಾನೆ ಅಂದರೆ ಸಂಸ್ಥೆಯ ಬಾಯಲ್ಲಿ ತಾನಾಗಿ ಬರುವ ಉತ್ತರ ಒಂದೇ, ನಿಮ್ಮದೇ ತಪ್ಪು. ಮೊದಲು ಹೋದ ಠಾಣೆಯಲ್ಲೂ ಅದೇ. "ಒಟಿಪಿ ಹೇಳಿರ್ತೀರಾ ಯಜಮಾನ್ರೇ, ನೆನಪಿಲ್ಲ ನಿಮ್ಗೆ." ಸೈಬರ್ ಕೇಸಾದರೆ ಚಿಕ್ಕಮಗಳೂರಿನ ಸಿಇಎನ್ ಠಾಣೆಗೆ ಹೋಗಿ ಅಂದರು. ಕಳಸದಿಂದ ಸುಮಾರು ತೊಂಬತ್ತು ಕಿಲೋಮೀಟರು, ಮಳೆಗಾಲದಲ್ಲಿ ಅರ್ಧ ದಿನದ ದಾರಿ. ನಾವು 1930ಕ್ಕೆ ಫೋನ್ ಮಾಡಿ, ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ಹಾಕಿ, ಬ್ಯಾಂಕಿಗೆ ಆ ಸುತ್ತೋಲೆಯ ಪ್ರತಿ ಲಗತ್ತಿಸಿ ಲಿಖಿತ ಪತ್ರ ಕೊಟ್ಟೆವು. ಮೂವತ್ತು ದಿನ ಉತ್ತರ ಇಲ್ಲ. ಆಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆದೆವು. ದುಡ್ಡು ವಾಪಸ್ ಬಂತು, ಏಳನೇ ತಿಂಗಳಿಗೆ.

ಬಂತಲ್ಲ, ಇನ್ನೇನು ಅಂತೀರಾ? ಆ ಏಳು ತಿಂಗಳಲ್ಲಿ ದೊಡ್ಡಪ್ಪ ಆಗಿದ್ದು ಏನು ಅಂತ ಹೇಳಬೇಕು. ಊರ ಪಂಚಾಯ್ತಿಕೆಗೆ ಕರೆಸಿಕೊಳ್ಳುತ್ತಿದ್ದ ಮನುಷ್ಯ ಮಾತು ಬಿಟ್ಟರು. ಕಾಫಿ ಮಾರಿದ ಲೆಕ್ಕವನ್ನು ಮಗನಿಗೆ ಕೊಟ್ಟುಬಿಟ್ಟರು. "ನಂಗೆ ತಲೆ ನಿಲ್ಲಲ್ಲ ಈಗ, ಎಲ್ಲೋ ಏನೋ ಹೇಳಿದ್ನೇನೋ" ಅಂತ ಒಂದು ರಾತ್ರಿ ಅಂದರು. ಮಾಡದ ತಪ್ಪನ್ನು ಮಾಡಿದ್ದೇನೆ ಅಂತ ಅವರೇ ನಂಬಲು ಶುರು ಮಾಡಿದ್ದರು. ಮೂವತ್ತು ಸಾವಿರ ಕದ್ದವನು ಬಿಹಾರದಲ್ಲಿದ್ದನೋ ಎಲ್ಲಿದ್ದನೋ, ಆದರೆ ಇದನ್ನು ಕದ್ದವರು ಇಲ್ಲೇ ಇದ್ದರು. ಅವರಲ್ಲಿ ನಾನೂ ಒಬ್ಬ. ಮೊದಲ ದಿನ ಫೋನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ: "ಯಾರಿಗಾದ್ರೂ ಒಟಿಪಿ ಹೇಳಿದ್ರಾ ದೊಡ್ಡಪ್ಪ?"

'ಡಿಜಿಟಲ್ ಅರೆಸ್ಟ್' ವಿಷಯದಲ್ಲೂ ಹೀಗೇ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ಇಂಥದ್ದೊಂದು ಕರೆಯ ದೃಶ್ಯ ತೋರಿಸಿ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ ಅಂದರು. ಆ ಕರೆಯನ್ನು ರೆಕಾರ್ಡ್ ಮಾಡಿದ್ದು ನಮ್ಮ ವಿಜಯಪುರದವರು. ಒಳ್ಳೆ ಕೆಲಸ. ಐದು ತಿಂಗಳಾದ ಮೇಲೆ, 2025ರ ಮಾರ್ಚ್‌ನಲ್ಲಿ, ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ ಇಂಥದೇ ಕರೆಗಳಿಗೆ ಲಕ್ಷಗಟ್ಟಲೆ ಕಳೆದುಕೊಂಡು ಪ್ರಾಣ ಬಿಟ್ಟರು. ಆ ಸುದ್ದಿಯ ಕೆಳಗೆ ಜನ ಹಾಕಿದ್ದ ಮಾತುಗಳನ್ನು ನಾನು ಓದಿದೆ. ಓದಿದವರಿಗೇ ಬುದ್ಧಿ ಇಲ್ಲ, ಅತಿಆಸೆ, ಪೇಪರ್ ಓದಲ್ವಾ. ಎಂಬತ್ತರ ಹತ್ತಿರದ ಇಬ್ಬರು ಸತ್ತಿದ್ದಾರೆ ಮಾರಾಯ್ರೆ! ಅವರ ಹೆಸರು, ಫೋನ್ ನಂಬರು, ಅವರ ಬಗ್ಗೆ ಹೆದರಿಸಲು ಬೇಕಾದಷ್ಟು ವಿವರ ಆ ಕಳ್ಳರಿಗೆ ಎಲ್ಲಿ ಸಿಕ್ಕಿತು ಅಂತ ಒಬ್ಬರೂ ಕೇಳಿರಲಿಲ್ಲ.

ನಾನು ಹೇಳುವುದು, ಸಿಗುವುದು ನಮ್ಮಂಥವರಿಂದ. ಅಟ್ಟದ ಮೇಲಿನ ಫೈಲಿನಿಂದ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಡೆಸ್ಕ್‌ಟಾಪಿನಿಂದ, ಅಪಾರ್ಟ್‌ಮೆಂಟಿನ ಗೇಟಿನ ಪುಸ್ತಕದಿಂದ, ಹಳೇ ಬಾಡಿಗೆ ಮನೆಯ ಬ್ರೋಕರ್ ಫೋನಿನಿಂದ. ಈ ದೇಶದಲ್ಲಿ ಗುರುತನ್ನು ಯಾರೂ ಕದಿಯಬೇಕಿಲ್ಲ, ಕೇಳಿದರೆ ಕೊಡುತ್ತೇವೆ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ದುರುಪಯೋಗ ಆಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಪರವಾನಗಿ ಇಲ್ಲದ ಹೋಟೆಲುಗಳು ಪ್ರತಿ ಪಡೆದು ಇಟ್ಟುಕೊಳ್ಳುವಂತಿಲ್ಲ ಅಂತ. ಇಷ್ಟು ಸ್ಪಷ್ಟವಾಗಿ, ಇಷ್ಟು ಸರಳವಾಗಿ ಅದಕ್ಕೆ ಮುಂಚೆ ಯಾರೂ ಹೇಳಿರಲಿಲ್ಲ. ಎರಡು ದಿನ ಕಳೆಯಿತು. ಮೇ 29ಕ್ಕೆ ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನೇ ವಾಪಸ್ ಪಡೆಯಿತು. ತಪ್ಪಾಗಿ ಅರ್ಥೈಸಿಕೊಳ್ಳುವ ಸಾಧ್ಯತೆ ಇದೆಯಂತೆ. ಜನ ಸಾಮಾನ್ಯ ವಿವೇಕ ಬಳಸಿದರೆ ಸಾಕಂತೆ. ಸರಿಯಾಗಿ ಹೇಳಿದ ಒಂದೇ ಒಂದು ಮಾತಿನ ಆಯಸ್ಸು ನಮ್ಮೂರ ಮಳೆಹುಳದಷ್ಟು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರನ್ನು ಪ್ರಶ್ನಿಸಿ 2012ರಲ್ಲಿ ಅವರು ಕೋರ್ಟಿಗೆ ಹೋದಾಗ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು "ಯಾಕೆ ಬೇಕು?" ಅಂತ ಇಡೀ ಸರ್ಕಾರವನ್ನು ಕೇಳಿದರು. ನಾವು ರಿಸೆಪ್ಷನ್‌ನಲ್ಲಿ ನಿಂತ ಹುಡುಗನನ್ನು ಕೇಳಲು ಸಂಕೋಚ ಪಡುತ್ತೇವೆ. 2023ರಲ್ಲಿ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಬಂತು, ಅದರ ನಿಯಮಗಳು ಬರಲು 2025ರ ನವೆಂಬರ್ ಆಯಿತು. ಭದ್ರತೆ ಸರಿಯಿಲ್ಲದಿದ್ದರೆ ದಂಡ 250 ಕೋಟಿವರೆಗೆ. ಕೇಳಿ ಅಪ್ಪ ಬೆಚ್ಚಿಬಿದ್ದರು. ಹೆದರಬೇಡಿ ಅಂದೆ, ಅದು ಡಿಜಿಟಲ್ ರೂಪದ ದತ್ತಾಂಶಕ್ಕೆ ಮಾತ್ರ. ಅಪ್ಪನ ಫೋನಿನಲ್ಲಿರುವ ಆಧಾರ್ ಫೋಟೋ ಕಾಯ್ದೆಯೊಳಗೆ ಬರುತ್ತೆ, ಅಟ್ಟದ ಮೇಲಿನ ಜೆರಾಕ್ಸು ಬರಲ್ಲ.

ನಿಮ್ಮ ಆಧಾರ್ ಹೋದರೆ ನೀವು ಹೇಗೋ ಗುದ್ದಾಡಿಕೊಳ್ಳುತ್ತೀರಿ. ಇಂಗ್ಲಿಷಿನಲ್ಲಿ ಮೇಲ್ ಬರೆಯುತ್ತೀರಿ, ಟ್ವೀಟ್ ಮಾಡಿ ಬ್ಯಾಂಕನ್ನು ಟ್ಯಾಗ್ ಮಾಡುತ್ತೀರಿ. ನಮ್ಮ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸದವರಿದ್ದಾರೆ. ಅವರ ಆಧಾರ್ ಪ್ರತಿ ಮೇಸ್ತ್ರಿ ಹತ್ತಿರ ಒಂದು, ತೋಟದ ರೈಟರ್ ಹತ್ತಿರ ಒಂದು, ಸಿಮ್ ಮಾರುವವನ ಹತ್ತಿರ ಒಂದು. ಸುಗ್ಗಿ ಮುಗಿದರೆ ಅವರು ಊರಿಗೆ ಹೋಗುತ್ತಾರೆ, ಕಾಗದ ಇಲ್ಲೇ ಉಳಿಯುತ್ತದೆ. ನಮ್ಮ ತೋಟದ ಒಬ್ಬ ಹುಡುಗನ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಿದೆವು. ಒಬ್ಬರ ಹೆಸರಲ್ಲಿ ಒಂಬತ್ತರವರೆಗೆ ಇರಬಹುದು. ಅವನಿಗೆ ಗೊತ್ತಿದ್ದದ್ದು ಒಂದು. ತಾಣದಲ್ಲಿ ಕಂಡದ್ದು ಐದು. ಆ ನಾಲ್ಕು ನಂಬರಿನಿಂದ ಯಾರು ಯಾರಿಗೆ ಕಸ್ಟಮ್ಸ್ ಅಧಿಕಾರಿ ಅಂತ ಫೋನ್ ಮಾಡುತ್ತಿದ್ದರೋ! ನಾಳೆ ಪೊಲೀಸರು ಹುಡುಕಿಕೊಂಡು ಬರುವುದು ಇವನನ್ನು. ನಾಲ್ಕೂ ನನ್ನದಲ್ಲ ಅಂತ ಅಲ್ಲೇ ವರದಿ ಮಾಡಿಸಿದೆ. ನಿಮ್ಮದನ್ನೂ ಇವತ್ತೇ ನೋಡಿ, ಎರಡು ನಿಮಿಷದ ಕೆಲಸ.

ಮಾಡಬಹುದಾದ ಇನ್ನೊಂದು ಕೆಲಸ, ದೊಡ್ಡಪ್ಪನ ಪ್ರಕರಣವಾದ ಮೇಲೆ ನಾವು ಮನೆಮಂದಿಗೆಲ್ಲ ಮಾಡಿಸಿದ್ದು: ಎಂಆಧಾರ್ ಆ್ಯಪ್‌ನಲ್ಲೋ ಆಧಾರ್ ಪ್ರಾಧಿಕಾರದ ತಾಣದಲ್ಲೋ ಬಯೋಮೆಟ್ರಿಕ್ ಲಾಕ್. ಲಾಕ್ ಆದ ಮೇಲೆ ಯಾರು ಎಂಥ ಹೆಬ್ಬೆಟ್ಟು ತಂದು ಒತ್ತಿದರೂ ನಡೆಯಲ್ಲ. ರೇಷನ್ನಿಗೋ ಪಿಂಚಣಿಗೋ ಬೇಕಾದಾಗ ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಬೇಕು. ದೊಡ್ಡಪ್ಪನದ್ದು ನಾನು ಇಲ್ಲಿಂದಲೇ ತೆಗೆದು ಹಾಕಿ ಮಾಡುತ್ತೇನೆ, ಒಟಿಪಿ ಅವರ ಫೋನಿಗೆ ಬರುತ್ತದೆ, ಅವರು ನನಗೆ ಓದಿ ಹೇಳುತ್ತಾರೆ. ಹೌದು, ಒಟಿಪಿ ಯಾರಿಗೂ ಹೇಳಬಾರದು. ಈ ವ್ಯವಸ್ಥೆಯಲ್ಲಿ ಒಬ್ಬ ಮುದುಕ ಸುರಕ್ಷಿತವಾಗಿರಬೇಕಾದರೆ ಮೊದಲು ನಿಯಮ ಮುರಿಯಬೇಕು. ಈ ಬೀಗ ಮೊದಲೇ ಹಾಕಿದ್ದು, ಬೇಕಾದವರು ತೆಗೆಸಿಕೊಳ್ಳುವ ಹಾಗೆ ಯಾಕಿಲ್ಲ ಅಂತ ಕೇಳಿದರೆ, ಬೇಕಾದವರು ಅಂದರೆ ಬಡವರು, ಅವರಿಗೆ ತೊಂದರೆಯಾಗುತ್ತೆ ಅನ್ನುತ್ತಾರೆ. ಸರಿ, ಒಪ್ಪೋಣ. ಹಾಗಾದರೆ ನಕಲಿ ಹೆಬ್ಬೆಟ್ಟಿಗೆ ಹೋದ ದುಡ್ಡನ್ನು ಬಡವರಿಗೆ ಮರುದಿನ ಬೆಳಿಗ್ಗೆಯೇ ಪ್ರಶ್ನೆಯಿಲ್ಲದೆ ವಾಪಸ್ ಕೊಡಿ. ಉಪಕಾರದ ಹೆಸರಲ್ಲಿ ಬಾಗಿಲು ತೆರೆದಿಟ್ಟವರು ಕಳುವಿನ ನಷ್ಟವನ್ನೂ ಹೊರಲಿ.

ಹೋಂ ಸ್ಟೇಯಲ್ಲಿ ಈಗ ನಾನು ಪುಸ್ತಕ ಇಟ್ಟಿದ್ದೇನೆ. ಹೆಸರು, ಊರು, ಫೋನು, ವಾಹನದ ನಂಬರು. ಗುರುತಿನ ಚೀಟಿ ಯಾವುದಾದರೂ ಸರಿ, ಡ್ರೈವಿಂಗ್ ಲೈಸೆನ್ಸೋ ವೋಟರ್ ಐಡಿಯೋ, ನೋಡುತ್ತೇನೆ, ಮುಖ ನೋಡುತ್ತೇನೆ, ವಾಪಸ್ ಕೊಡುತ್ತೇನೆ. ಬಂದವರು ಯಾರು ಅಂತ ತಿಳಿದಿರಬೇಕಾದ್ದು ನಮ್ಮ ಜವಾಬ್ದಾರಿ, ನಾನು ತಪ್ಪಿಸಿಕೊಳ್ಳುತ್ತಿಲ್ಲ. ಅವರ ಗುರುತಿನ ನಕಲು ಇಟ್ಟುಕೊಳ್ಳುವುದು ಬೇರೆಯೇ ಸಂಗತಿ. ಸುತ್ತಮುತ್ತಲಿನ ಹೋಂ ಸ್ಟೇಯವರಿಗೆ ಹೇಳಿದೆ. ಒಬ್ಬರು, "ನಿಂಗೆ ಬೆಂಗಳೂರು ಹುಚ್ಚು ಇನ್ನೂ ಬಿಟ್ಟಿಲ್ಲ" ಅಂದರು. ಇನ್ನೊಬ್ಬರು ತಮ್ಮ ಹಳೇ ಮ್ಯಾನೇಜರ್ ಕೆಲಸ ಬಿಟ್ಟು ಹೋಗುವಾಗ ಬುಕಿಂಗಿನ ಫೋನನ್ನೂ ತಗೊಂಡು ಹೋಗಿದ್ದನ್ನು ಆವಾಗ ನೆನಪು ಮಾಡಿಕೊಂಡು ಸುಮ್ಮನಾದರು.

ಅಟ್ಟದ ಮೇಲಿನ ಆರು ಫೈಲನ್ನು ಜೂನ್ ತಿಂಗಳಲ್ಲಿ ಬಚ್ಚಲ ಒಲೆಗೆ ಹಾಕಿದೆ. ಮಳೆಗೆ ಸೌದೆ ಹಸಿಯಾಗಿತ್ತು, ಹಂಡೆ ನೀರು ಕಾಯುತ್ತಿರಲಿಲ್ಲ, ಜೆರಾಕ್ಸ್ ಹಾಳೆ ಚೆನ್ನಾಗಿ ಹತ್ತಿಕೊಂಡವು. ಹನ್ನೊಂದು ದಿನ ನಡೆಯಿತು. ಅಮ್ಮ ಹಾಲಿನ ಲೆಕ್ಕದ ಹಾಳೆಗಳನ್ನು ಬೇರೆ ತೆಗೆಸಿಕೊಂಡಳು, ಮೂಲೆಯ ಆಧಾರ್ ನಂಬರನ್ನು ಕತ್ತರಿಸಿ ಕೊಟ್ಟೆ.

ಅಪ್ಪನ ಫೋನಿನದ್ದು ಮಾತ್ರ ಹಾಗೆ ಆಗಲಿಲ್ಲ. ವಾಟ್ಸಾಪಿನಲ್ಲಿ ಬಂದ ಕಾರ್ಡುಗಳ ಫೋಟೋ ಒಂದೊಂದಾಗಿ ಅಳಿಸುತ್ತಾ ಹೋದೆ. ಎರಡು ಸಂಜೆ ಹಿಡಿಯಿತು. ಆಮೇಲೆ ನೋಡಿದರೆ ಎಲ್ಲವೂ ತಾನಾಗಿ ಬ್ಯಾಕಪ್ ಆಗಿ ಕೂತಿವೆ, ಆ ಖಾತೆ ಮಾಡಿಕೊಟ್ಟವನು ಚಿಕ್ಕಮಗಳೂರಿನ ಮೊಬೈಲ್ ಅಂಗಡಿಯ ಹುಡುಗ, ಪಾಸ್‌ವರ್ಡ್ ಅಪ್ಪನಿಗೆ ಗೊತ್ತಿಲ್ಲ. ಅಂಗಡಿ ಈಗ ಅಲ್ಲಿಲ್ಲ. ಆ ಬ್ಯಾಕಪ್ ಇವತ್ತಿಗೂ ಹಾಗೇ ಇದೆ, ಬಾಗಿಲಿನ ಬೀಗ ಯಾರ ಕೈಯಲ್ಲಿದೆ ಅಂತ ನನಗೆ ಗೊತ್ತಿಲ್ಲ. 2014ರಿಂದೀಚೆಗೆ ನಮ್ಮಲ್ಲಿ ಉಳಿದು, ನೀರ್ದೋಸೆ ತಿಂದು, ಐದು ಸ್ಟಾರ್ ಕೊಟ್ಟು ಹೋದವರಲ್ಲಿ ನೀವೂ ಒಬ್ಬರಾಗಿದ್ದರೆ ದಯವಿಟ್ಟು ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ನನ್ನ ಕಡೆಯಿಂದ ಕ್ಷಮೆ ಇರಲಿ.

ಇದನ್ನು ಬರೆಯುತ್ತಿರುವಾಗಲೇ ಒಂದು ಮೆಸೇಜು ಬಂತು. ಮುಂದಿನ ಶನಿವಾರಕ್ಕೆ ನಾಲ್ಕು ಜನಕ್ಕೆ ರೂಮು ಇದೆಯಾ ಅಂತ. ಇದೆ ಅಂತ ಟೈಪ್ ಮಾಡುವಷ್ಟರಲ್ಲಿ ಹಿಂದೆಯೇ ಇನ್ನೂ ನಾಲ್ಕು ಬಂದವು. ನಾಲ್ಕೂ ಆಧಾರ್, ಹಿಂದೆ ಮುಂದೆ ಎರಡೂ ಬದಿ. ನಾನಿನ್ನೂ ಏನೂ ಕೇಳಿಯೇ ಇರಲಿಲ್ಲ.